ಸಾಲಿನಲ್ಲಿ ನಿಂತ ಹನ್ನೊಂದು ಕಾಗದ

ನಮ್ಮ ಪ್ರಯೋಗಾಲಯಕ್ಕೆ ರಕ್ತ, ಮೂತ್ರ, ಮೈಯಿಂದ ಕತ್ತರಿಸಿ ತೆಗೆದ ಚೂರುಪಾರು ಎಲ್ಲವೂ ಮುಂಬಾಗಿಲಿನಿಂದ ಬರುತ್ತವೆ. ಅವುಗಳ ಬಗ್ಗೆ ನಾವು ಹೇಳಬೇಕಾದ ಮಾತು ಇ-ಮೇಲ್ ಆಗಿ ಡಾಕ್ಟರುಗಳಿಗೆ ಹೋಗುತ್ತದೆ. ಒಳಗೆ ಬರುವುದನ್ನು ನೋಡಿಕೊಳ್ಳಲು ಮೂವತ್ತಾರು ಜನರಿದ್ದೇವೆ. ಹೊರಗೆ ಹೋಗುವುದನ್ನು ನೋಡಿಕೊಳ್ಳಲು ಒಬ್ಬನೇ ಒಬ್ಬ. ಅವನನ್ನು ನಾವು ಟಪಾಲಣ್ಣ ಅನ್ನುತ್ತೇವೆ.

ಅವನ ನೇಮಕಾತಿ ಪತ್ರದಲ್ಲಿ ಅವನ ಹುದ್ದೆಗೆ ಒಂದೂವರೆ ಸಾಲು ಉದ್ದದ ಹೆಸರಿದೆ. ಅದನ್ನು ಕೊನೆಯವರೆಗೆ ಓದಿದವರು ಯಾರೂ ಇಲ್ಲ, ಟಪಾಲಣ್ಣನೂ ಸೇರಿದಂತೆ. ಮೆಟ್ಟಿಲ ಕೆಳಗಿನ ಕೋಣೆ ಅವನದು. ಎತ್ತರದವರು ಒಳಗೆ ಹೋದರೆ ತಲೆ ತಗ್ಗಿಸಲೇಬೇಕು. ಅದರಿಂದ ಆ ಕೋಣೆಗೆ ಸಲ್ಲಬೇಕಾದ್ದಕ್ಕಿಂತ ಹೆಚ್ಚು ಮರ್ಯಾದೆ ಸಲ್ಲುತ್ತಿತ್ತು. ಎರಡು ಕಪ್ಪು ಯಂತ್ರಗಳು ಅಲ್ಲಿ ಹಗಲಿರುಳು ಗುಂಯ್ ಅನ್ನುತ್ತವೆ. ಅವುಗಳಿಗೆ ಸೆಕೆಯಾಗಬಾರದು ಎಂದು ಎಸಿ ಹಾಕಿದ್ದಾರೆ. ಯಂತ್ರಗಳು ತಂಪಾಗಿರುತ್ತವೆ, ಟಪಾಲಣ್ಣ ವರ್ಷದ ಹನ್ನೆರಡು ತಿಂಗಳೂ ಸ್ವೆಟರ್ ಹಾಕಿಕೊಂಡು ಮೂಗು ಒರೆಸುತ್ತಿರುತ್ತಾನೆ.

ಮೇಲ್ ಎಂಬ ಪದ ಅವನ ಬಾಯಲ್ಲಿ ಬರುವುದಿಲ್ಲ. "ಕಾಗದ" ಅನ್ನುತ್ತಾನೆ. "ನಿನ್ನ ಕಾಗದ ಹೊರಟಾಯ್ತು," "ಅವರ ಕಾಗದ ಇನ್ನೂ ಬಂದಿಲ್ಲ." ಹೊಸದಾಗಿ ಕೆಲಸಕ್ಕೆ ಸೇರಿದವರನ್ನು ನಿಲ್ಲಿಸಿಕೊಂಡು ಎರಡು ಮಾತು ಹೇಳುತ್ತಿದ್ದ. ಒಂದು, "ನಾನು ಲಕೋಟೆ ನೋಡ್ತೀನಿ, ಕಾಗದ ಓದಲ್ಲ." ಇನ್ನೊಂದು, "ಹದಿನೇಳು ವರ್ಷ ಆಯ್ತು. ನನ್ನ ಕೈಯಲ್ಲಿ ಒಂದೇ ಒಂದು ಕಾಗದ ಕಳೆದಿಲ್ಲ." ಎರಡನೆಯದನ್ನು ಹೇಳುವಾಗ ಅವನು ಮೂಗು ಒರೆಸುವುದನ್ನೂ ನಿಲ್ಲಿಸುತ್ತಿದ್ದ.

ವರದಿಗಳನ್ನು ಟೈಪ್ ಮಾಡುವವನು ನಾನು. ಒಳಗಿನ ಡಾಕ್ಟರು ಸಹಿ ಹಾಕಿದ ಮೇಲೆ ಗುಂಡಿ ಒತ್ತಿ ಟಪಾಲಣ್ಣನ ಯಂತ್ರಕ್ಕೆ ಒಪ್ಪಿಸುವುದು ನನ್ನ ಕೆಲಸ. ನಾನು ಓದುತ್ತೇನೆ, ಬಾಯಿ ಬಿಡುವುದಿಲ್ಲ. ಅವನು ಓದುವುದೇ ಇಲ್ಲ. ಹೀಗೆ ಇಬ್ಬರು ಮಹಾ ಸಭ್ಯರು ಒಂದೇ ಗೋಡೆಯ ಆಚೆಗೊಬ್ಬ ಈಚೆಗೊಬ್ಬ ಕೂತಿದ್ದೆವು.

ಟಪಾಲಣ್ಣನಿಗೆ ಒಬ್ಬಳೇ ಅಕ್ಕ. ತಾಯಿ ಬೇಗ ಹೋದದ್ದರಿಂದ ಅವನನ್ನು ಬೆಳೆಸಿದವರು ಅವರೇ. ಪ್ರಯೋಗಾಲಯದ ಹಿಂದಿನ ಬೀದಿಯಲ್ಲಿ ಅವರ ಹೊಲಿಗೆ ಅಂಗಡಿ. ನಾವೆಲ್ಲ ಹಾಕಿಕೊಳ್ಳುವ ಬಿಳಿ ಕೋಟು ಅವರು ಹೊಲಿದದ್ದು. ಆದ್ದರಿಂದ ಅವರು ನಮಗೆಲ್ಲ ಅಕ್ಕ. ಅಳತೆಗೆ ಹೋದರೆ ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡೇ ಬೀದಿಗೆಲ್ಲ ಕೇಳುವ ಹಾಗೆ ಮಾತಾಡುತ್ತಿದ್ದರು.

"ಏನಯ್ಯ ಟೈಪಿಸ್ಟು, ಹೋದ ಸಲಕ್ಕಿಂತ ಎರಡು ಇಂಚು ಜಾಸ್ತಿ ಇದೆಯಲ್ಲ. ವರದಿ ಟೈಪ್ ಮಾಡ್ತೀಯೋ, ಬರೀ ತಿಂತೀಯೋ? ರೀ, ಬರ್ಕೊಳ್ರೀ, ಸೊಂಟ ನಲವತ್ತೊಂದು!"

ಬರೆದುಕೊಳ್ಳುವವರು ಅವರ ಗಂಡ, ಟಪಾಲಣ್ಣನ ಭಾವ. ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಬದುಕಿಗೆ ಬೇಕಾದಷ್ಟು ಕೂಗಾಟವನ್ನು ಬಸ್ಸಿನಲ್ಲೇ ಮುಗಿಸಿದವರ ಹಾಗೆ, ನಿವೃತ್ತಿಯಾದ ಮೇಲೆ ಮನೆಯ ಮಾತನ್ನೆಲ್ಲ ಹೆಂಡತಿಗೆ ವಹಿಸಿ ಕಿವಿಯ ಮೇಲೆ ಪೆನ್ಸಿಲ್ ಇಟ್ಟುಕೊಂಡು ಕೂತಿದ್ದರು.

ಅಕ್ಕನಿಗೊಂದು ಅಭ್ಯಾಸವಿತ್ತು. ಯಾರಿಗೆ ಏನು ಕಳಿಸಿದರೂ, ಮೆಸೇಜಾಗಲಿ, ಮೇಲಾಗಲಿ, ಹೊಲಿದ ಕೋಟಾಗಲಿ, ಹಿಂದೆಯೇ ಫೋನ್ ಮಾಡಿ "ಬಂತಾ?" ಎಂದು ಕೇಳಬೇಕು. ಟಪಾಲಣ್ಣನ ಫೋನಿನಲ್ಲಿ ದಿನಕ್ಕೆ ನಾಲ್ಕು ಸಲ ಈ ಸಂಭಾಷಣೆ ನಡೆಯುತ್ತಿತ್ತು. ಗೋಡೆ ತೆಳ್ಳಗಿದ್ದದ್ದರಿಂದ ಅಕ್ಕನ ಪಾಲಿನ ಮಾತೂ ನನಗೆ ಕೇಳುತ್ತಿತ್ತು.

"ಬಂತೇನೋ?"

"ಬಂತು ಅಕ್ಕ. ಬರದೆ ಎಲ್ಲಿಗೆ ಹೋಗುತ್ತೆ?"

"ಎಲ್ಲಿಗೆ ಹೋಗುತ್ತೋ ನನಗೇನು ಗೊತ್ತು? ನೀನು ಬಂತು ಅಂದ ಮೇಲೆ ತಾನೇ ನಾನು ಕಳಿಸಿದ ಹಾಗೆ."

"ಅಕ್ಕ, ಬರದೇ ಹೋದ್ರೆ ಯಂತ್ರನೇ ಹೇಳುತ್ತೆ. ಅದಕ್ಕೆ ಅಂತಾನೇ ನಾನು ಇಲ್ಲಿ ಕೂತಿರೋದು."

"ಸ್ವೆಟರ್ ಹಾಕ್ಕೊಂಡಿದೀಯಾ?"

"ಹಾಕ್ಕೊಂಡಿದೀನಿ. ಇಡು."

ಇಂಥ ಟಪಾಲಣ್ಣನ ರಾಜ್ಯಕ್ಕೆ ಒಂದು ದಿನ ಹೊಸ ಕಾನೂನು ಬಂತು. ನಮ್ಮ ನಿರ್ದೇಶಕರು, ನಾವು ದೊಡ್ಡವರು ಅನ್ನುವವರು, ಎಲ್ಲೋ ಒಂದು ಸಮ್ಮೇಳನಕ್ಕೆ ಹೋಗಿ ಭದ್ರತೆಯ ಬಗ್ಗೆ ಭಾಷಣ ಕೇಳಿ ಬಂದರು. ಬರುವಾಗ ಒಂದು ಹೆದರಿಕೆಯನ್ನೂ, ಆ ಹೆದರಿಕೆಗೆ ಔಷಧಿ ಮಾರುವ ಕಂಪನಿಯವನೊಬ್ಬನನ್ನೂ ಜೊತೆಗೆ ಕರೆತಂದರು. ಎಲ್ಲಕ್ಕೂ ಬೀಗ ಹಾಕಬೇಕು ಅನ್ನುವ ಆ ಮನುಷ್ಯನಿಗೆ ಬೀಗದ ಸಾಹೇಬ ಎಂದು ಹೆಸರು ಬೀಳಲು ಅರ್ಧ ದಿನ ಸಾಕಾಯಿತು.

ಬೀಗದ ಸಾಹೇಬ ಹೇಳಿದ್ದು ಇಷ್ಟು: ಇನ್ನು ಮುಂದೆ ಈ ಕಟ್ಟಡದ ಯಾವ ಯಂತ್ರವೂ ತಾನಾಗಿ ಹೊರಗೆ ಕಾಲಿಡಕೂಡದು. ಗೇಟಿನಲ್ಲಿ ಪ್ರಾಕ್ಸಿ ಎಂಬ ಒಂದು ಯಂತ್ರ ಕೂತಿರುತ್ತದೆ. ಯಾರಿಗೆ ಹೊರಗೆ ಏನು ಕೆಲಸವಿದ್ದರೂ ಅದರ ಹತ್ತಿರ ಹೇಳಬೇಕು. ಅವರ ಪರವಾಗಿ ಅದೇ ಹೋಗಿ ಬರುತ್ತದೆ. ತನ್ನ ಪಟ್ಟಿಯಲ್ಲಿರುವ ವಿಳಾಸಗಳಿಗೆ ಮಾತ್ರ ಹೋಗುತ್ತದೆ.

"ಸರ್, ನಮ್ಮ ಕಾಗದದ ತಂತ್ರಾಂಶಕ್ಕೆ ಪ್ರಾಕ್ಸಿ ಅಂದ್ರೆ ಏನು ಅಂತಾನೇ ಗೊತ್ತಿಲ್ಲ," ಅಂದ ಟಪಾಲಣ್ಣ. "ಅದನ್ನ ಬರೆದ ಕಾಲದಲ್ಲಿ ಎಲ್ಲರೂ ಎಲ್ಲರ ಬಾಗಿಲಿಗೂ ಸೀದಾ ಹೋಗ್ತಿದ್ರು."

"ಕಲಿಸ್ರೀ ಅದಕ್ಕೆ," ಅಂದರು ದೊಡ್ಡವರು. "ನಾನು ಈ ವಯಸ್ಸಲ್ಲಿ ಕಲೀತಿಲ್ವಾ?"

ಅದಕ್ಕೆ ಕಲಿಸಲಾಗುವುದಿಲ್ಲ. ಟಪಾಲಣ್ಣ ಎರಡು ವಾರ ಒದ್ದಾಡಿ ಬೇರೊಂದು ದಾರಿ ಹುಡುಕಿದ. ಒಂದು ಸಣ್ಣ ತಂತ್ರಾಂಶವನ್ನು ನಡುವೆ ನಿಲ್ಲಿಸಿದ. ಮೇಲ್ ತಂತ್ರಾಂಶ ಎಂದಿನಂತೆ ಹೊರಗೆ ಹೊರಟಾಗ ಇದು ಹಿಂದಿನಿಂದ ಬಂದು ಅದರ ತೋಳು ಹಿಡಿದು, ಅದಕ್ಕೆ ಗೊತ್ತಾಗದ ಹಾಗೆ, ಪ್ರಾಕ್ಸಿಯ ಕಡೆ ತಿರುಗಿಸುತ್ತದೆ. ಅದು ತಾನೇ ಹೋಗಿಬಂದೆ ಎಂದುಕೊಂಡಿರುತ್ತದೆ. "ನಮ್ಮ ದೊಡ್ಡವರು ಆಫೀಸು ನಡೆಸ್ತಿದೀನಿ ಅಂದ್ಕೊಂಡಿಲ್ವಾ, ಹಾಗೆ," ಎಂದು ನನಗೆ ವಿವರಿಸಿದ. ನಾನು ನಕ್ಕೆ. ಇದರಲ್ಲಿ ಒಂದೇ ಒಂದು ಊನವಿತ್ತು. ಪ್ರಾಕ್ಸಿ ಯಾವುದಾದರೂ ವಿಳಾಸಕ್ಕೆ "ಹೋಗಲ್ಲ" ಅಂದರೆ, ನಡುವಿನವನು ಆ ಮಾತನ್ನು ಹಾಗೇ ಮುಟ್ಟಿಸುವುದಿಲ್ಲ. "ಉತ್ತರ ಇಲ್ಲ" ಅನ್ನುತ್ತಾನೆ. ಆಗ ಮೇಲ್ ತಂತ್ರಾಂಶ, ಪಾಪ, ಮನೆಯಲ್ಲಿ ಯಾರೂ ಇಲ್ಲವೇನೋ ಎಂದುಕೊಂಡು ಕಾಗದವನ್ನು ಸಾಲಿನಲ್ಲಿ ನಿಲ್ಲಿಸಿ, ಗಂಟೆ ಬಿಟ್ಟು ಮತ್ತೆ ಹೊರಡುತ್ತದೆ.

ಇನ್ನು ಪಟ್ಟಿ. ಯಾವ ಯಾವ ವಿಳಾಸಕ್ಕೆ ಕಾಗದ ಹೋಗುತ್ತದೆ ಬರೆದುಕೊಡಿ ಎಂದ ಬೀಗದ ಸಾಹೇಬ. ಟಪಾಲಣ್ಣ ಅಂದಾಜಿನ ಮನುಷ್ಯನಲ್ಲ. ಹಿಂದಿನ ಒಂದು ತಿಂಗಳಿನ ದಾಖಲೆ ತೆಗೆದು, ಆ ತಿಂಗಳು ಎಲ್ಲೆಲ್ಲಿಗೆ ಒಂದಾದರೂ ಕಾಗದ ಹೋಗಿದೆಯೋ ಆ ವಿಳಾಸಗಳನ್ನೆಲ್ಲ ಒಂದೂ ಬಿಡದೆ ಬರೆದ. ನಾನೂರ ಹದಿನಾರು ವಿಳಾಸ. ಆಮೇಲೆ ಪಟ್ಟಿಯಲ್ಲಿದ್ದ ಒಬ್ಬೊಬ್ಬರಿಗೂ ಒಂದೊಂದು ಪರೀಕ್ಷಾ ಕಾಗದ ಕಳಿಸಿದ. ನಾನೂರ ಹದಿನಾರೂ ಹೋದವು. ಪಟ್ಟಿಯಲ್ಲಿದ್ದವರಿಗೆ ಹೋಗದೆ ಇನ್ನೇನು? ಇದು ಆಗ ನನಗೂ ಹೊಳೆಯಲಿಲ್ಲ. ಅವನ ಕೈ ಕುಲುಕಿದೆ.

ಇನ್ನೂ ಒಂದು ಎಚ್ಚರಿಕೆ ತೆಗೆದುಕೊಂಡ. ಸಾಮಾನ್ಯವಾಗಿ ಐದು ದಿನ ಪ್ರಯತ್ನಿಸಿಯೂ ತಲುಪದ ಕಾಗದವನ್ನು ಯಂತ್ರ ಕಳಿಸಿದವರಿಗೇ ವಾಪಸು ಹಾಕುತ್ತದೆ. ಈ ಬದಲಾವಣೆಯ ಗಲಾಟೆಯಲ್ಲಿ ಯಾರ ಕಾಗದವೂ ವಾಪಸಾಗಬಾರದು, ಕಳೆಯಲೂಬಾರದು ಎಂದು ಆ ಐದನ್ನು ನಲವತ್ತು ಮಾಡಿದ. ಹಿಂದೊಮ್ಮೆ ವಾಪಸಾದ ಕಾಗದ ಕಂಡು ದೊಡ್ಡವರು ಕೂಗಾಡಿದ್ದು ನೆನಪಿತ್ತು. ಕೆಲಸ ಸುಸೂತ್ರವಾದ ಮೇಲೆ ಮೊದಲಿನಂತೆ ಮಾಡಿದರಾಯಿತು ಎಂದು "ನಲವತ್ತು ತೆಗೆದು ಐದು ಮಾಡು" ಎಂದು ಹಳದಿ ಚೀಟಿ ಬರೆದು ಪರದೆಯ ಅಂಚಿಗೆ ಅಂಟಿಸಿದ.

ಪ್ರಾಕ್ಸಿಯ ಉದ್ಘಾಟನೆ ನಡೆಯಿತು. ಕಣ್ಣಿಗೆ ಕಾಣದ ವಸ್ತುವಿಗೆ ರಿಬ್ಬನ್ ಕಟ್ಟುವುದು ಹೇಗೆ ಎಂದು ಅರ್ಧ ದಿನ ಚರ್ಚೆಯಾಗಿ, ಕೊನೆಗೆ ಟಪಾಲಣ್ಣನ ಕೋಣೆಯ ಬಾಗಿಲಿಗೇ ಕಟ್ಟಿದರು. ದೊಡ್ಡವರು ರಿಬ್ಬನ್ ಕತ್ತರಿಸಿ, ತಲೆ ತಗ್ಗಿಸಲು ಮರೆತು, ಹಣೆ ಚಚ್ಚಿಸಿಕೊಂಡರು. ಆಮೇಲೆ ಎಲ್ಲರ ಎದುರು ತಮಗೆ ತಾವೇ ಒಂದು ಮೇಲ್ ಕಳಿಸಿಕೊಂಡರು. ಅದು ಬಂತು. ಚಪ್ಪಾಳೆ. ಒಳಗಿನಿಂದ ಒಳಗೇ ಹೋಗುವ ಕಾಗದ ಗೇಟಿನ ಹತ್ತಿರವೂ ಸುಳಿಯುವುದಿಲ್ಲ ಎಂದು ಟಪಾಲಣ್ಣನಿಗೆ ಗೊತ್ತಿತ್ತು. ಆದರೆ ಹಣೆಯಲ್ಲಿ ಬುಗುಟೆ ಎದ್ದ ಮನುಷ್ಯನಿಗೆ ಇದನ್ನೂ ಯಾಕೆ ಹೇಳಲಿ ಎಂದು ಅವನೂ ಚಪ್ಪಾಳೆ ತಟ್ಟಿದ. ಆ ದಿನ ಯಾರು ಎಲ್ಲಿ ಕೂರಬೇಕು ಎಂಬ ಕಾಗದವನ್ನು ಪರದೆಯ ಅಂಚಿಗೆ, ಹಳದಿ ಚೀಟಿಯ ಮೇಲೇ ಅಂಟಿಸಿದ್ದರು. ಅದನ್ನು ಯಾರೂ ಕೀಳಲಿಲ್ಲ.

ಈ ಗಲಾಟೆಗೆ ಮೊದಲೇ ಅಕ್ಕನ ಧ್ವನಿ ಒಡೆದಿತ್ತು. ಮೊದಲು ನಮಗದು ತಮಾಷೆ. "ಅಕ್ಕ, ಅಂತೂ ಭಾವನ ಮೊರೆ ಯಾರಿಗೋ ಕೇಳಿಸ್ತು," ಎಂದು ನಾನೇ ಅಂದಿದ್ದೆ. "ಮುಚ್ಚೋ," ಅಂದರು, ಮರಳು ಕಾಗದ ಉಜ್ಜಿದ ಹಾಗೆ. ಎರಡು ತಿಂಗಳಾದರೂ ಧ್ವನಿ ಸರಿಹೋಗದಿದ್ದಾಗ ಪಕ್ಕದ ಊರಿನ ಗಂಟಲು ಡಾಕ್ಟರ ಹತ್ತಿರ ಹೋದರು. ಹಳೆಯ ಕಾಲದ ಡಾಕ್ಟರು. ಯಾರನ್ನೂ ನಂಬದೆ ತಮ್ಮ ಕ್ಲಿನಿಕ್ಕಿಗೆ ತಮ್ಮದೇ ಮೇಲ್ ಯಂತ್ರ ಇಟ್ಟುಕೊಂಡವರು. ಒಂದು ಕೊಳವೆ ಇಳಿಸಿ, ಧ್ವನಿಪೆಟ್ಟಿಗೆಯಿಂದ ಅಕ್ಕಿಕಾಳಿನಷ್ಟು ಚೂರು ತೆಗೆದು ನಮ್ಮಲ್ಲಿಗೆ ಕಳಿಸಿದರು.

"ವರದಿ ನನಗೆ ಬರುತ್ತಮ್ಮ. ಏನಾದ್ರೂ ಇದ್ರೆ ನಾನೇ ಫೋನ್ ಮಾಡ್ತೀನಿ. ಮಾಡದೇ ಇದ್ರೆ ಏನೂ ಇಲ್ಲ ಅಂತ. ಎರಡು ತಿಂಗಳು ಬಿಟ್ಟು ಬನ್ನಿ," ಅಂದರಂತೆ.

ಟಪಾಲಣ್ಣ ಪಟ್ಟಿಗೆ ಆರಿಸಿಕೊಂಡ ಆ ಒಂದು ತಿಂಗಳು ಈ ಡಾಕ್ಟರು ಮೆಟ್ಟಿಲು ಜಾರಿ ಬಿದ್ದು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಯಲ್ಲಿ ಮಲಗಿದ್ದರು. ಕ್ಲಿನಿಕ್ ಬಾಗಿಲು ಹಾಕಿತ್ತು. ಆ ತಿಂಗಳು ಅವರಿಗೆ ನಮ್ಮಿಂದ ಒಂದು ಕಾಗದವೂ ಹೋಗಿರಲಿಲ್ಲ.

ಅಕ್ಕನ ವರದಿ ಟೈಪ್ ಮಾಡಿದವನು ನಾನೇ. ಹೆಸರು ನೋಡಿದೆ, ವಯಸ್ಸು ನೋಡಿದೆ, ಒಳಗಿನ ಡಾಕ್ಟರು ಬರೆದ ಎರಡು ಸಾಲು ನೋಡಿದೆ. ಕ್ಯಾನ್ಸರ್. ಇನ್ನೂ ಚಿಕ್ಕದು ಎಂಬಂಥ ಒಂದು ಮಾತೂ ಇತ್ತು. ಎದ್ದು ಹೋಗಿ ನೀರು ಕುಡಿದು ಬಂದು, ಅಕ್ಷರ ಅಕ್ಷರವೂ ಮೂರು ಸಲ ಸರಿನೋಡಿ, ಗುಂಡಿ ಒತ್ತಿದೆ. ಗೋಡೆಯ ಆಚೆ ಟಪಾಲಣ್ಣ ಮೂಗು ಒರೆಸುವುದು ಕೇಳುತ್ತಿತ್ತು. ಹೇಳಬಾರದು, ಅದು ನಿಯಮ. ಹೇಳುವುದು ಡಾಕ್ಟರ ಕೆಲಸ. ನಾಳೆ ಹೇಗೂ ಗೊತ್ತಾಗುತ್ತದಲ್ಲ ಎಂದುಕೊಂಡೆ.

ಮರುದಿನ ಅವನು ಎಂದಿನಂತೆ ಬಂದ. ಅದರ ಮರುದಿನವೂ. ಅಕ್ಕ ಎಂದಿನಂತೆ ಅಂಗಡಿ ತೆರೆದರು. ಗಟ್ಟಿ ಜನ, ಯಾರೆದುರೂ ತೋರಿಸಿಕೊಳ್ಳುತ್ತಿಲ್ಲ ಎಂದು ನಾನು ಒಳಗೊಳಗೇ ಮೆಚ್ಚಿಕೊಂಡೆ. ಆ ದಿನಗಳಲ್ಲಿ ಅವನೊಂದಿಗೆ ವಿಶೇಷವಾಗಿ ಮೆತ್ತಗೆ ಮಾತಾಡುತ್ತಿದ್ದೆ. ಅವನಿಗೆ ನನ್ನ ಆರೋಗ್ಯದ ಬಗ್ಗೆ ಅನುಮಾನ ಬಂದು, ಒಂದು ಸಲ ರಕ್ತ ಪರೀಕ್ಷೆ ಮಾಡಿಸ್ಕೋ ಎಂದ.

ಹತ್ತನೆಯ ದಿನವೋ ಹನ್ನೆರಡನೆಯ ದಿನವೋ, ಗೋಡೆಯಾಚೆ ಫೋನು. ಅಕ್ಕನ ಪಾಲಿನ ಮಾತು ಈಗ ನನಗೆ ಕೇಳುತ್ತಿರಲಿಲ್ಲ. ಆದರೆ ಅವನ ಪಾಲು ಕೇಳಿಯೇ ಇನ್ನೊಂದು ಪಾಲನ್ನು ಊಹಿಸಬಹುದಿತ್ತು.

"ಹೋಗಿದೆ ಅಕ್ಕ. ಅವತ್ತೇ ಹೋಗಿದೆ... ಫೋನ್ ಮಾಡಿ ಕೇಳೋದಾ? ಏನಂತ ಕೇಳಲಿ? 'ಸ್ವಾಮಿ, ನಾನು ಕಳಿಸಿದ ಕಾಗದ ಬಂತಾ' ಅಂತಾನಾ? ಹದಿನೇಳು ವರ್ಷ ಕಾಗದ ಕಳಿಸಿದವನು ಹಾಗೆ ಕೇಳಿದ್ರೆ ನಗಲ್ವಾ?... ಅಲ್ಲ ಅಕ್ಕ, ನಾನು ಕಳಿಸಿದ್ದು ತಲುಪಲ್ವಾ? ನನ್ನ ಕೆಲಸದ ಮೇಲೆ ನಿನಗೇ ನಂಬಿಕೆ ಇಲ್ಲ ಅಂದ್ರೆ... ಆಯ್ತು, ಆಯ್ತು. ಕಷಾಯ ಕುಡಿ. ಡಾಕ್ಟ್ರು ಫೋನ್ ಮಾಡಿಲ್ಲ ಅಂದ್ರೆ ಏನೂ ಇಲ್ಲ ಅಂತಾನೇ. ಖುಷಿಯಾಗಿರು."

ಆಗ ನಾನು ಎದ್ದು ಹೋಗಿದ್ದರೆ? ಡಾಕ್ಟರು ಫೋನ್ ಮಾಡಿಲ್ಲ ಎಂಬ ಮಾತು ಸ್ಪಷ್ಟವಾಗಿ ಕೇಳಿಸಿತ್ತು. ಆದರೆ ನಾನು ಅದಕ್ಕೆ ನನ್ನದೇ ಅರ್ಥ ಕೊಟ್ಟುಕೊಂಡೆ: ಇವನಿಗೆ ಗೊತ್ತಿದೆ, ಭಾವನಿಗೂ ಗೊತ್ತಿದೆ, ಅಕ್ಕನಿಂದ ಮುಚ್ಚಿಡುತ್ತಿದ್ದಾರೆ. ಪಾಪ, ಎಷ್ಟು ಚೆನ್ನಾಗಿ ನಟಿಸುತ್ತಾನೆ ಎಂದುಕೊಂಡು ಮುಂದಿನ ವರದಿ ಕೈಗೆತ್ತಿಕೊಂಡೆ.

ಪ್ರತಿದಿನ ಬೆಳಿಗ್ಗೆ ಟಪಾಲಣ್ಣ ಮೊದಲು ನೋಡುತ್ತಿದ್ದದ್ದು ಸಾಲಿನಲ್ಲಿ ಎಷ್ಟು ಕಾಗದ ಕಾದಿವೆ ಎಂಬುದನ್ನು. ಸಾವಿರ ಇದ್ದರೆ ಗಾಬರಿಯಾಗಬೇಕು. ಹತ್ತು ಹದಿನೈದು ಸದಾ ಇರುತ್ತವೆ. ಯಾರೋ ವಿಳಾಸ ತಪ್ಪು ಬರೆದಿರುತ್ತಾರೆ, ಯಾರದ್ದೋ ಯಂತ್ರ ಕೆಟ್ಟಿರುತ್ತದೆ. ಬಿಸಿಬಿಸಿ ಚಹಾ ಹಿಡಿದು ಅವನು ಅಂಕಿ ನೋಡುತ್ತಿದ್ದ. ಒಂಬತ್ತು. ಹತ್ತು. ಹನ್ನೊಂದು. ಹನ್ನೊಂದು. "ತಣ್ಣಗಿದೆ," ಎಂದು ತನಗೆ ತಾನೇ ಹೇಳಿಕೊಂಡು ಲೋಟ ಕೆಳಗಿಡುತ್ತಿದ್ದ. ಯಾರ ಯಾರ ಕಾಗದ ಎಂದು ಒಂದು ದಿನವೂ ತೆರೆದು ನೋಡಲಿಲ್ಲ. ಐದು ದಿನದ ಹಳೆಯ ಲೆಕ್ಕ ಇದ್ದಿದ್ದರೆ ಆರನೆಯ ದಿನವೇ ಅಕ್ಕನ ವರದಿ ವಾಪಸಾಗಿ ನನ್ನ ಮೇಜಿಗೆ ಬಂದು ಬೀಳುತ್ತಿತ್ತು. ಅದು ಬೀಳದಂತೆ ಅವನು ಜೋಪಾನ ಮಾಡಿದ್ದ.

ಮೂವತ್ತೆಂಟನೆಯ ದಿನ ಅಕ್ಕ ಅಂಗಡಿಯ ಮೂರು ಮೆಟ್ಟಿಲು ಹತ್ತಿ ಉಸಿರು ಸಿಗದೆ ಬಟ್ಟೆಯ ರಾಶಿಯ ಮೇಲೆ ಕೂತುಬಿಟ್ಟರು. ಭಾವ ಎರಡು ತಿಂಗಳು ಕಾಯಲಿಲ್ಲ. ತಾವೇ ಡಾಕ್ಟರಿಗೆ ಫೋನ್ ಮಾಡಿದರು. ಆಮೇಲೆ ಟಪಾಲಣ್ಣನಿಗೆ ಮಾಡಿದರು. ಎಷ್ಟೋ ವರ್ಷಗಳ ಮೇಲೆ ಅವರ ಬಸ್ಸಿನ ಗಂಟಲು ತೆರೆದಿತ್ತು. ಗೋಡೆ ಇಲ್ಲದಿದ್ದ ಹಾಗೆ ಕೇಳಿತು.

"ವರದಿ ಬಂದೇ ಇಲ್ವಂತಲ್ಲಯ್ಯ! ನಿಮ್ಮ ಲ್ಯಾಬಿನೋರು ಚೂರು ಕಳೆದುಹಾಕಿರಬೇಕು ಅಂತ ಅವರು ಅಂದ್ಕೊಂಡಿದ್ರಂತೆ!"

"ಸಾಧ್ಯನೇ ಇಲ್ಲ ಭಾವ. ಹೋಗಿದೆ. ಅವರ ಯಂತ್ರನೇ ನೆಟ್ಟಗಿಲ್ಲ. ಈಗಲೇ ದಾಖಲೆ ತೆಗೆದು ಅವರ ಮುಖಕ್ಕೆ ಹಿಡೀತೀನಿ, ಇರಿ."

ನನ್ನನ್ನು ಕೂಗಿ ಕರೆದ. ಸಾಕ್ಷಿಗೆ. "ಬಾ ಇಲ್ಲಿ, ನೀನೂ ನೋಡು. ದೊಡ್ಡ ಡಾಕ್ಟ್ರು ಅಂತೆ. ಒಂದು ಯಂತ್ರ ಇಟ್ಕೊಳ್ಳೋಕೆ ಬರಲ್ಲ." ನಾನು ತಲೆ ತಗ್ಗಿಸಿ ಒಳಗೆ ಹೋಗಿ ಅವನ ಹಿಂದೆ ನಿಂತೆ.  ಅವನು ಡಾಕ್ಟರ ವಿಳಾಸ ಹಾಕಿ ದಾಖಲೆ ಹುಡುಕಿದ. ಪರದೆಯ ತುಂಬ ಸಾಲುಗಳು ಇಳಿಯತೊಡಗಿದವು. ಪ್ರತಿ ಸಾಲಿನ ಕೊನೆಗೂ ಒಂದೇ ಮಾತು: ಉತ್ತರವಿಲ್ಲ, ಮತ್ತೆ ಪ್ರಯತ್ನಿಸಲಾಗುವುದು.

"ನೋಡ್ದ್ಯಾ? ಉತ್ತರನೇ ಕೊಡ್ತಿಲ್ಲ ಅವರ ಯಂತ್ರ," ಅಂದ. ಆಮೇಲೆ ಸಾಲುಗಳು ಇನ್ನೂ ಇಳಿಯುತ್ತಲೇ ಇದ್ದದ್ದನ್ನು ಕಂಡ. ಆಮೇಲೆ ಗೇಟಿನ ಪ್ರಾಕ್ಸಿಯ ದಾಖಲೆ ತೆಗೆದ. ಅಲ್ಲಿ ಅಷ್ಟೇ ಸಾಲುಗಳಿದ್ದವು. ಅಲ್ಲಿನ ಮಾತು ಬೇರೆ: ಪಟ್ಟಿಯಲ್ಲಿಲ್ಲ, ಬಿಡಲಾಗದು. ಒಂಬೈನೂರ ಆರು ಸಲ. ಗಂಟೆಗೊಮ್ಮೆ, ಭಾನುವಾರವೂ ಬಿಡದೆ, ಅಕ್ಕನ ಕಾಗದ ಎದ್ದು ಹೊರಟು, ನಮ್ಮದೇ ಗೇಟಿನವರೆಗೆ ಹೋಗಿ, ತಿರುಗಿ ಬಂದು ಸಾಲಿನಲ್ಲಿ ನಿಂತಿತ್ತು. ಡಾಕ್ಟರ ಬಾಗಿಲನ್ನು ಅದು ಒಂದು ಸಲವೂ ತಟ್ಟಿರಲಿಲ್ಲ.

ಅವನು ಪಟ್ಟಿಗೆ ಒಂದು ಸಾಲು ಸೇರಿಸಿದ. ಎರಡು ಸಲ ತಪ್ಪು ಹೊಡೆದ. ಮೂರನೆಯ ಸಲಕ್ಕೆ ಸರಿಯಾಯಿತು. ಕಾಗದ ಹೊರಟಿತು. ತಲುಪಿತು. ನಾಲ್ಕು ಸೆಕೆಂಡು ಹಿಡಿಯಿತು.

"ಏನಿದೆ ಅದರಲ್ಲಿ?" ಎಂದು ಕೇಳಿದ, ತಿರುಗದೆ.

ಹದಿನೇಳು ವರ್ಷದಲ್ಲಿ ಅವನು ಒಂದು ಕಾಗದದ ಒಳಗಿನದನ್ನು ಕೇಳಿದ್ದು ಅದೇ ಮೊದಲು. ಹೇಳಬಾರದು ಎಂಬ ನಿಯಮವನ್ನು ನಾನೂ ಅದೇ ಮೊದಲ ಸಲ ಮುರಿದೆ. ಹೇಳಿದೆ.

"ನಿನಗೆ ಆವತ್ತೇ ಗೊತ್ತಿತ್ತಾ?"

"ನಿನಗೂ ಗೊತ್ತಿದೆ ಅಂದ್ಕೊಂಡಿದ್ದೆ."

ಅವನು ಸ್ವೆಟರಿನ ತೋಳು ಎಳೆದುಕೊಂಡ. ಆಮೇಲೆ ಇನ್ನುಳಿದ ಹತ್ತು ಕಾಗದಗಳ ವಿಳಾಸ ತೆಗೆದು, ಪಟ್ಟಿಗೆ ಸೇರಿಸಿ, ಒಬ್ಬೊಬ್ಬ ಡಾಕ್ಟರಿಗೂ ಫೋನ್ ಮಾಡತೊಡಗಿದ. "ಸರ್, ಈಗ ಒಂದು ಕಾಗದ ಕಳಿಸಿದೀನಿ. ಬಂತಾ? ಸ್ವಲ್ಪ ನೋಡಿ ಹೇಳ್ತೀರಾ? ನಾನು ಹಿಡ್ಕೊಂಡಿರ್ತೀನಿ." ಹತ್ತರಲ್ಲಿ ಏಳು ಏನೂ ಇಲ್ಲದ ವರದಿಗಳು. ಎರಡು ಪರವಾಗಿಲ್ಲ ಅನ್ನುವಂಥವು. ಇನ್ನೊಂದಕ್ಕೆ ಆ ಕಡೆಯ ಡಾಕ್ಟರು, "ಅವರು ಹೋದ ವಾರ ತೀರ್ಕೊಂಡ್ರು. ಇದರಿಂದ ಅಲ್ಲ ಬಿಡಿ, ಬೇರೆ ಏನೋ," ಅಂದರು. ಟಪಾಲಣ್ಣ "ಆದ್ರೆ ಬಂತಲ್ಲ ಸರ್?" ಎಂದು ಕೇಳಿ ಫೋನ್ ಇಟ್ಟ.

ದೊಡ್ಡವರು ಇದಕ್ಕೊಂದು ಸಮಿತಿ ಮಾಡಿದರು. ಬೀಗದ ಸಾಹೇಬನೇ ಅಧ್ಯಕ್ಷ. ಪ್ರಾಕ್ಸಿ ತನಗೆ ಹೇಳಿದ ಕೆಲಸವನ್ನು ಒಂಬೈನೂರ ಆರು ಸಲವೂ ತಪ್ಪದೆ ಮಾಡಿದೆ ಎಂದು ಸಮಿತಿ ಮೆಚ್ಚುಗೆ ಸೂಚಿಸಿತು. ದೊಡ್ಡವರು ಟಪಾಲಣ್ಣನನ್ನು ಕರೆಸಿ, "ಈಗ ಹೋಗಿದೆಯಲ್ಲ? ಆಯ್ತಲ್ಲ? ತಾಂತ್ರಿಕ ವಿಳಂಬ ಅಂತ ಬರೆದುಬಿಡೋಣ," ಅಂದರು. ಅವನು "ಅಕ್ಕನ ಹೆಸರೂ ಬರೀರಿ ಸರ್," ಅಂದ. ಬರೆಯಲಿಲ್ಲ.

ಗಂಟಲು ಡಾಕ್ಟರು ಎಲ್ಲವನ್ನೂ ಮತ್ತೆ ನೋಡಿ, ಭಾವನನ್ನೂ ಟಪಾಲಣ್ಣನನ್ನೂ ಕೂರಿಸಿಕೊಂಡು ಹೇಳಿದರು. ಧ್ವನಿಪೆಟ್ಟಿಗೆ ತೆಗೆಯಬೇಕು. ಜೀವಕ್ಕೆ ಅವಕಾಶವಿದೆ. ಧ್ವನಿ ಇರುವುದಿಲ್ಲ, ಕತ್ತಿನಲ್ಲೊಂದು ತೂತು ಇರುತ್ತದೆ, ಅದರಲ್ಲಿ ಉಸಿರಾಡಬೇಕು.

"ಆವತ್ತೇ ಕಾಗದ ಬಂದಿದ್ರೆ?" ಎಂದು ಕೇಳಿದ ಟಪಾಲಣ್ಣ.

"ಆಗ ಬರೀ ಕರೆಂಟ್, ಅಂದ್ರೆ ರೇಡಿಯೇಷನ್, ಕೊಟ್ಟು ನೋಡಬಹುದಿತ್ತು. ಧ್ವನಿ ಉಳಿಯೋದೇನೋ. ಉಳಿಯದೆಯೂ ಇರಬಹುದಿತ್ತು." ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ನಾನೂ ಒಂದು ಫೋನ್ ಮಾಡಿ ಕೇಳಬಹುದಿತ್ತು. ಯಾಕೆ ಕೇಳಲಿಲ್ಲ ಅಂತ ಯೋಚಿಸ್ತಿದೀನಿ."

ಆಪರೇಷನ್ನಿನ ದಿನ ಬೆಳಿಗ್ಗೆ ನಾನೂ ಹೋಗಿದ್ದೆ. ಹಸಿರು ಗೌನು ಹಾಕಿ ಅಕ್ಕನನ್ನು ಮಲಗಿಸಿದ್ದರು. ಆ ಗೌನಿನ ಹೊಲಿಗೆಯನ್ನು ಬೆರಳಲ್ಲಿ ತಿರುವಿ ನೋಡಿ, ಚೆನ್ನಾಗಿಲ್ಲ ಎಂಬಂತೆ ತಲೆಯಾಡಿಸಿದರು. ಟಪಾಲಣ್ಣ ಮಂಚದ ಪಕ್ಕ ಮಂಡಿಯೂರಿದ. ಪ್ರಾಕ್ಸಿ, ಪಟ್ಟಿ, ನಲವತ್ತು ದಿನ, ಹಳದಿ ಚೀಟಿ ಎಲ್ಲವನ್ನೂ ಒಂದೂ ಬಿಡದೆ, ತನಗೆ ಗೊತ್ತಿದ್ದ ಕ್ರಮದಲ್ಲೇ ಹೇಳಿದ. ಅವನಿಗೆ ಬೇರೆ ರೀತಿ ಹೇಳಲು ಬರುತ್ತಿರಲಿಲ್ಲ. ಕೊನೆಗೆ "ತಪ್ಪು ನನ್ನದು ಅಕ್ಕ," ಅಂದ.

ಅಕ್ಕ ಅವನ ಮುಖ ನೋಡಿದರು. ಆಮೇಲೆ ಉಳಿದಿದ್ದ ಅಷ್ಟಿಷ್ಟು ಗಾಳಿಯನ್ನು ಒಟ್ಟು ಮಾಡಿಕೊಂಡರು.

"ಒಂದು ಫೋನ್ ಮಾಡಿ ಕೇಳು ಅಂದಿದ್ದೆ."

ಅಷ್ಟೇ. ಬೈಗುಳ ಇರಲಿಲ್ಲ, ಸಮಾಧಾನವೂ ಇರಲಿಲ್ಲ. ಗಾಲಿಮಂಚ ತಳ್ಳುವವರು ಬಂದರು. ಅಕ್ಕನ ಸ್ವಂತ ಧ್ವನಿಯಲ್ಲಿ ಅವನು ಕೇಳಿದ ಕೊನೆಯ ಮಾತು ಅದು.

ಈಗ ಏಳು ತಿಂಗಳಾಗಿದೆ. ಅಂಗಡಿ ತೆರೆದಿದೆ. ಕತ್ತಿಗೆ ತಾವೇ ಹೊಲಿದ ತೆಳು ಬಟ್ಟೆ ಕಟ್ಟಿಕೊಂಡು ಅಕ್ಕ ಅಳತೆ ತೆಗೆಯುತ್ತಾರೆ. ಟೇಪಿನ ಮೇಲೆ ಹೆಬ್ಬೆಟ್ಟು ಒತ್ತಿ ತೋರಿಸುತ್ತಾರೆ. ಭಾವ ಬಗ್ಗಿ ನೋಡಿ, "ಸೊಂಟ ನಲವತ್ತೆರಡು!" ಎಂದು ಇಡೀ ಬಸ್ಸಿಗೆ ಹೇಳುವಂತೆ ಕೂಗಿ, ತಾವೇ ಬರೆದುಕೊಳ್ಳುತ್ತಾರೆ. ಎರಡು ಇಂಚಿನ ತಮಾಷೆ ಅವರಿಗೆ ಬರುವುದಿಲ್ಲ. ಒಂದು ಸಲ ಪ್ರಯತ್ನಿಸಿ, ನಡುವೆ ನಿಲ್ಲಿಸಿಬಿಟ್ಟರು.

ಟಪಾಲಣ್ಣ ನಲವತ್ತನ್ನು ತೆಗೆದು ಐದು ಮಾಡಿದ್ದಾನೆ. ಪ್ರತಿದಿನ ಸಾಲಿನಲ್ಲಿರುವ ಒಂದೊಂದು ಕಾಗದದ ವಿಳಾಸವನ್ನೂ ಬರೆದುಕೊಂಡು ಫೋನ್ ಮಾಡುತ್ತಾನೆ. ತಲುಪಿದವಕ್ಕೂ ಮಾಡುತ್ತಾನೆ. ಡಾಕ್ಟರುಗಳು ಬೇಸರಪಟ್ಟುಕೊಂಡು ದೊಡ್ಡವರಿಗೆ ದೂರಿದ್ದಾರೆ. ಹೊಸಬರನ್ನು ನಿಲ್ಲಿಸಿಕೊಂಡು ಹೇಳುತ್ತಿದ್ದ ಎರಡು ಮಾತುಗಳನ್ನು ಈಗ ಹೇಳುವುದಿಲ್ಲ. ನಾವಿಬ್ಬರೂ ಮಾತಾಡುತ್ತೇವೆ, ಗೋಡೆಯ ಆಚೆಯಿಂದ, ಈಚೆಯಿಂದ, ಕೆಲಸಕ್ಕೆ ಬೇಕಾದಷ್ಟು.

ದಿನಕ್ಕೆ ನಾಲ್ಕು ಸಲ ಅವನ ಫೋನು ಟಿಣ್ ಅನ್ನುತ್ತದೆ. ಅಕ್ಕನ ಮೆಸೇಜು. ದಾರ ತಾ, ಗುಂಡಿ ಮುಗಿದಿದೆ, ಭಾವನಿಗೆ ಮಾತ್ರೆ. ಹಿಂದೆಯೇ "ಬಂತಾ?" ಎಂಬ ಫೋನು ಬರುವುದಿಲ್ಲ. ಬಂತು ಎಂದು ತಿರುಗಿ ಬರೆದರೆ ಸಾಕು. ಒಂದು ಕ್ಷಣದ ಕೆಲಸ. ಅವನು ಬರೆಯುವುದಿಲ್ಲ. ಸ್ವೆಟರ್ ತೆಗೆದು ಕುರ್ಚಿಗೆ ಹಾಕಿ, ತಲೆ ತಗ್ಗಿಸಿ ಕೋಣೆಯಿಂದ ಹೊರಬಂದು, ಗೇಟು ದಾಟಿ, ಹಿಂದಿನ ಬೀದಿಗೆ ನಡೆದು, ಅಂಗಡಿಯ ಮೂರು ಮೆಟ್ಟಿಲು ಹತ್ತಿ ನಿಲ್ಲುತ್ತಾನೆ.

"ಬಂತು ಅಕ್ಕ," ಅನ್ನುತ್ತಾನೆ.

ಹೊಲಿಗೆ ಯಂತ್ರ ನಿಲ್ಲುತ್ತದೆ. ಅಕ್ಕ ಕೆಲವು ದಿನ ತಲೆಯಾಡಿಸುತ್ತಾರೆ. ಕೆಲವು ದಿನ ತಲೆಯನ್ನೇ ಎತ್ತುವುದಿಲ್ಲ. ಯಂತ್ರ ಮತ್ತೆ ಶುರುವಾಗುವವರೆಗೆ ಅವನು ಅಲ್ಲೇ ನಿಂತಿರುತ್ತಾನೆ, ಆಮೇಲೆ ಹೊರಟು ಬರುತ್ತಾನೆ.